ರೆಪ್ಪೆಯಿಲ್ಲದ ಕಣ್ಣು

ಅವಳನ್ನು ಎಲ್ಲರೂ ಕಣ್ಣಕ್ಕ ಎಂದೇ ಕರೆಯುತ್ತಿದ್ದರು. ಕಾಯಿಲೆಗೋ ಅಪಘಾತಕ್ಕೋ ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುವುದು ಅವಳ ಕಸುಬು. ನೋಡೋ ಕಣ್ಣಲ್ಲ, ನೋಡೋರಿಗೋಸ್ಕರ ಇರೋ ಕಣ್ಣು ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಮನೆಯ ಬೀದಿ ಕಡೆಯ ಕೋಣೆಯೇ ಅವಳ ಕಾರ್ಖಾನೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಮೂರು ಕೂದಲಿನಷ್ಟು ತೆಳ್ಳಗಿನ ಕುಂಚಗಳು, ಬಣ್ಣದ ಪುಡಿಯ ಡಬ್ಬಿಗಳು, ಹೊಳಪು ಕೊಡುವ ಚಕ್ರ. ಗೋಡೆಯ ಮೇಲೆ ಫೋನು. ಆ ಕೋಣೆಯ ಹಿಂದೆ ಅಡುಗೆಮನೆ, ಅದರ ಹಿಂದೆ ಅಮ್ಮ ಮಲಗಿದ್ದ ಕೋಣೆ.

ಕೃತಕ ಕಣ್ಣೆಂದರೆ ಗೋಲಿಯಂತೆ ದುಂಡಗಿರುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಹಾಗಿರುವುದಿಲ್ಲ. ಒಡೆದ ಬಟ್ಟಲಿನ ಚೂರಿನ ಹಾಗೆ ಮುಂದೆ ಉಬ್ಬು, ಹಿಂದೆ ತಗ್ಗು. ಕಣ್ಣಿನ ಗುಳಿಯ ಅಚ್ಚು ತೆಗೆದು, ಮೇಣದಲ್ಲಿ ಒಂದು ರೂಪ ಮಾಡಿ, ಆಮೇಲೆ ಬಿಳಿಯ ಪ್ಲಾಸ್ಟಿಕ್ಕಿನಲ್ಲಿ ಎರೆಯಬೇಕು. ನರಗಳಿಗೆ ಕೆಂಪು ರೇಷ್ಮೆಯ ಎಳೆ ಅಂಟಿಸಬೇಕು. ಪಾಪೆಯನ್ನು ಆ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು, ಅವನ ಇನ್ನೊಂದು ಕಣ್ಣನ್ನು ನೋಡುತ್ತ ನೋಡುತ್ತ ಬರೆಯಬೇಕು. ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದ ಅವಳಿಗೆ ಜನರ ಮುಖ ಮರೆತುಹೋದರೂ ಕಣ್ಣು ಮರೆಯುತ್ತಿರಲಿಲ್ಲ.

ಸರ್ವೆಯರು ಅವಳ ಬಳಿಗೆ ಬಂದದ್ದು ಎಡಗಣ್ಣಿನಲ್ಲಿ ಗೆಡ್ಡೆಯಾಗಿ ಅದನ್ನು ತೆಗೆದುಹಾಕಿದ ಆರು ತಿಂಗಳಿಗೆ. ಮೂವತ್ತು ವರ್ಷ ನೆಲ ಅಳೆದವರು. ಒಳಗೆ ಕಾಲಿಡುವಾಗಲೇ ನಿಮ್ಮ ಬಾಗಿಲ ಚೌಕಟ್ಟು ಬಲಕ್ಕೆ ಅರ್ಧ ಬೆರಳು ವಾಲಿದೆಯಲ್ಲ ಎಂದರು. ಒಂದೇ ಕಣ್ಣಲ್ಲಿ ಇಷ್ಟು ಕಂಡರೆ ಎರಡು ಇದ್ದಾಗ ಹೇಗಪ್ಪಾ ಎಂದು ಕಣ್ಣಕ್ಕ ನಕ್ಕಳು. ಮಿತಭಾಷಿ, ಸುಳ್ಳು ಗೊತ್ತಿಲ್ಲದ ಮನುಷ್ಯ. ಅವರಿಗೆ ಅವಳು ಮಾಡಿದ ಮೊದಲ ಕಣ್ಣು ಕೆಟ್ಟಿತು. ಮೋಡ ಕವಿದ ದಿನ ಬರೆದದ್ದರಿಂದ ನಡುವಿನ ಕಪ್ಪು ಬೊಟ್ಟು ಒಂದು ಗೆರೆಯಷ್ಟು ದೊಡ್ಡದಾಗಿ, ಆ ಕಣ್ಣು ಯಾವಾಗಲೂ ಏನನ್ನೋ ಕಂಡು ಬೆಚ್ಚಿದ ಹಾಗೆ ಕಾಣುತ್ತಿತ್ತು. ಸರ್ವೆಯರ ಹೆಂಡತಿ ನೋಡಿದವರೇ, ಒಂದು ಕಣ್ಣಿಗೆ ಗಾಬರಿ, ಒಂದು ಕಣ್ಣಿಗೆ ನಿದ್ದೆ, ಇವರನ್ನು ಕಟ್ಟಿಕೊಂಡು ನಾನು ಹೇಗೆ ಬಾಳಲಿ ಎಂದರು. ಕಣ್ಣಕ್ಕ ಅದನ್ನು ಮೇಜಿನ ಡ್ರಾಯರಿಗೆ ಹಾಕಿ, ಅದೇ ಅಚ್ಚಿನಲ್ಲಿ ಇನ್ನೊಂದು ಮಾಡಿಕೊಟ್ಟಳು. ಅದು ಸರಿಹೊಂದಿತು.

ಮೂರು ವಾರ ಕಳೆದು ಸರ್ವೆಯರು ಮತ್ತೆ ಬಂದರು. ಕಣ್ಣು ಚುಚ್ಚುತ್ತದೆಯೇ ಎಂದು ಅವಳು ಕೇಳಿದಳು. ಇಲ್ಲ ಎಂದರು. ನೀರು ಸೋರುತ್ತದೆಯೇ? ಇಲ್ಲ. ಟೋಪಿಯನ್ನು ತೊಡೆಯ ಮೇಲಿಟ್ಟು ಒಂದೆರಡು ಸುತ್ತು ತಿರುಗಿಸಿದರು.

"ಕಣ್ಣಕ್ಕ, ಅದಕ್ಕೆ ಕಾಣ್ತಿದೆ."

ಇಂಥ ಮಾತು ಅವಳಿಗೆ ಹೊಸತಲ್ಲ. ಕಣ್ಣು ಹೋದವರಿಗೆ ಹೋದ ಕಣ್ಣಿನಲ್ಲಿ ಮಿಂಚು, ಬಣ್ಣ, ಕೆಲವೊಮ್ಮೆ ಮುಖಗಳೂ ಕಾಣುವುದುಂಟು. ನರಗಳಿಗೆ ಹಳೆಯ ಚಾಳಿ ಬಿಟ್ಟಿರುವುದಿಲ್ಲ ಎಂದು ವೈದ್ಯರು ಹೇಳುತ್ತಾರೆ. ಅವಳೂ ಅದನ್ನೇ ಹೇಳಿದಳು. ಸರ್ವೆಯರು ಇಲ್ಲವೆಂದು ತಲೆಯಾಡಿಸಿದರು. ಮಿಂಚು ಗಿಂಚು ಏನೂ ಇಲ್ಲ. ತಮಗೆ ಕಾಣುವುದು ಕತ್ತಲೆ, ಮೇಲೆ ಒಂದು ಬೆಳಕಿನ ಗೆರೆ, ಎದುರಿಗೆ ಒಂದು ಮರದ ಹಲಗೆ, ಆ ಹಲಗೆಯಲ್ಲಿ ಕಾಳಿನ ಆಕಾರದ ಒಂದು ಗಂಟು. ಆಗಾಗ ಆ ಗೆರೆ ಅಗಲವಾಗುತ್ತದೆ, ದೊಡ್ಡದೊಂದು ಕೈ ಬರುತ್ತದೆ. ಹೆಬ್ಬೆರಳಿನ ಉಗುರಿನ ಪಕ್ಕದಲ್ಲಿ ಹಳೆಯ ಗಾಯದ ಕಲೆ. ಹೀಗೆ ಹೇಳಿ ಅವರು ಅವಳ ಬಲಗೈಯನ್ನು ನೋಡಿದರು. ಅವಳು ಯೋಚಿಸದೆಯೇ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅವರು ಹೋದ ಮೇಲೆ ಡ್ರಾಯರು ಎಳೆದು ನೋಡಿದಳು. ಬೆಚ್ಚಿದ ಕಣ್ಣು ಕುಂಚಗಳ ನಡುವೆ ಓರೆಯಾಗಿ ಒರಗಿತ್ತು. ಅದರ ಎದುರಿನ ಹಲಗೆಯಲ್ಲಿ ಕಾಳಿನಂಥ ಗಂಟು ಇತ್ತು. ಆ ಮೇಜನ್ನು ಇಪ್ಪತ್ತು ವರ್ಷದಿಂದ ಬಳಸಿದ ಅವಳೇ ಅದನ್ನು ನೋಡಿರಲಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ. ಕಣ್ಣಕ್ಕ ಒಂದು ಹಾಳೆ ತೆಗೆದುಕೊಂಡು ‘ನೀವು ಸುಳು ಹೇಳ್ತಿದೀರ’ ಎಂದು ಅವಸರದಲ್ಲಿ ಗೀಚಿದಳು. ಅದನ್ನು ಆ ಕಣ್ಣಿನ ಮುಂದೆ ಐದು ನಿಮಿಷ ಹಿಡಿದಿದ್ದು, ಒಲೆಗೆ ಹಾಕಿ ಸುಟ್ಟಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಹಾಸಿಗೆಯಲ್ಲಿದ್ದ ಅಮ್ಮನನ್ನು ಬಿಟ್ಟರೆ.

ಮರುದಿನ ಬೆಳಿಗ್ಗೆ ಸರ್ವೆಯರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲಿಲ್ಲ.

"ನಾನು ಸುಳ್ಳು ಹೇಳ್ತಿಲ್ಲಮ್ಮಾ," ಎಂದರು. ಸ್ವಲ್ಪ ತಡೆದು, "ಒತ್ತಕ್ಷರ ಬಿಟ್ಟಿದ್ರಿ," ಎಂದರು.

ಅವಳು ಬಾಗಿಲು ಪೂರ್ತಿ ತೆಗೆದಳು. ಕುರ್ಚಿ ಎಳೆದು ಅವರನ್ನು ಕೂರಿಸಿ, ತಾನೂ ಕುಳಿತಳು. ಬಹಳ ಹೊತ್ತು ಇಬ್ಬರೂ ಅದನ್ನೇ ಮಾತಾಡಿದರು. ತಮ್ಮ ಗುಳಿಯಲ್ಲಿರುವ ಕಣ್ಣನ್ನು ತೆಗೆದು ನೀರಿನ ಲೋಟದಲ್ಲಿಟ್ಟರೂ ನೋಟ ನಿಲ್ಲುವುದಿಲ್ಲ, ಪಟ್ಟಿ ಕಟ್ಟಿಕೊಂಡರೂ ನಿಲ್ಲುವುದಿಲ್ಲ ಎಂದರು ಅವರು. ಶಬ್ದ ಕೇಳಿಸುವುದಿಲ್ಲ, ಮುಟ್ಟಿದರೆ ತಿಳಿಯುವುದಿಲ್ಲ, ಬರೀ ನೋಟ. ಅದು ಬರೀ ಪ್ಲಾಸ್ಟಿಕ್ಕು, ಒಳಗೆ ಏನೂ ಇಲ್ಲ, ನಾನೇ ಮಾಡಿದ್ದು ಎಂದು ಕಣ್ಣಕ್ಕ ಮತ್ತೆ ಮತ್ತೆ ಹೇಳಿದಳು. ಸರ್ವೆಯರು, ಹೋದ ಕಣ್ಣಿನಲ್ಲಿ ತಾನೇ ಏನಿತ್ತು, ನೀರು ಮತ್ತು ಮಾಂಸ ಎಂದರು. ಅದನ್ನು ತೆಗೆದ ವೈದ್ಯರು ತಟ್ಟೆಯಲ್ಲಿಟ್ಟು ತೋರಿಸಿದ್ದರಂತೆ. ಅದು ತಮ್ಮನ್ನು ನೋಡುತ್ತಿದೆ ಎಂದು ಅವರಿಗೆ ಒಂದಿಷ್ಟೂ ಅನ್ನಿಸಿರಲಿಲ್ಲವಂತೆ.

ಅವರು ಕೇಳಿಕೊಂಡದ್ದು ಇಷ್ಟೇ: ಅದನ್ನು ಒಡೆಯಬೇಡಿ, ಉಜ್ಜಬೇಡಿ, ಡ್ರಾಯರಿನಲ್ಲೇ ಇರಲಿ. ಕತ್ತಲಾಗಿದ್ದರೆ ಸಾಕು, ಕಣ್ಣು ಮುಚ್ಚಿಕೊಂಡ ಹಾಗಿರುತ್ತದೆ. ಬೆಳಕಿಗೆ ಬಂದರೆ ಮಾತ್ರ ಕಷ್ಟ, ಅದಕ್ಕೆ ರೆಪ್ಪೆ ಇಲ್ಲವಲ್ಲ. ಅವಳು ಒಪ್ಪಿ, ಬೆಳಕು ನುಸುಳುತ್ತಿದ್ದ ಸಂದಿಗೆ ಒಂದು ಬಟ್ಟೆಯ ಚೂರು ತುರುಕಿದಳು.

ಅದು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಆದರೆ ಆ ಭಾನುವಾರ ಅಣ್ಣ ಬಂದ.

ಕಣ್ಣಕ್ಕನ ಅಣ್ಣ ಬೇರೆ ಊರಿನ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಎರಡು ವಾರಕ್ಕೊಮ್ಮೆ ಅಮ್ಮನನ್ನು ನೋಡಲು ಬರುತ್ತಿದ್ದ. ಎರಡು ವರ್ಷದ ಹಿಂದೆ ಅಮ್ಮನ ಮೆದುಳಿನಲ್ಲಿ ರಕ್ತನಾಳ ಒಡೆದು, ಆವತ್ತಿನಿಂದ ಅವಳು ಮಾತಿಲ್ಲ ಕತೆಯಿಲ್ಲ, ಕಣ್ಣು ತೆರೆದರೂ ಯಾವುದರ ಮೇಲೂ ನಿಲ್ಲುವುದಿಲ್ಲ. ಮೂಗಿನ ನಳಿಕೆಯಲ್ಲಿ ಊಟ. ಬೆಳಿಗ್ಗೆ ಬಂದು ಮೈ ಒರೆಸಿ, ಮಗ್ಗುಲು ಬದಲಿಸಿ ಹನ್ನೊಂದಕ್ಕೆ ಹೋಗುವ ನರ್ಸಮ್ಮ. ಉಳಿದದ್ದೆಲ್ಲ ಕಣ್ಣಕ್ಕನೇ. ನಳಿಕೆ ಮುಂದುವರಿಸುವುದೋ ಬಿಡುವುದೋ ಮನೆಯವರಿಗೆ ಬಿಟ್ಟದ್ದು, ಒಳಗೆ ಯಾರೂ ಉಳಿದಿಲ್ಲ ಎಂದು ವೈದ್ಯರು ಹೇಳಿ ಆರು ತಿಂಗಳಾಗಿತ್ತು. ಆ ಮಾತನ್ನು ಅಣ್ಣ ಹೊರುತ್ತ ಬಂದಿದ್ದ. ಕೆಟ್ಟವನಲ್ಲ. ಚಿಕ್ಕಂದಿನಲ್ಲಿ ಅಮ್ಮನ ಸೆರಗು ಬಿಡದ ಮಗ. ನೋಡಲಾಗದೆಯೇ ಅವನು ಗಟ್ಟಿಯಾಗಿದ್ದು.

"ಪುಟ್ಟೀ, ಅಮ್ಮ ಹೋಗಿ ಎರಡು ವರ್ಷ ಆಯ್ತು. ನಾವು ಹಾಸಿಗೆ ಮೇಲೆ ಇಟ್ಕೊಂಡಿರೋದು ಬರೀ ಮಣ್ಣು. ಮಣ್ಣಿಗೆ ಊಟ ಹಾಕ್ತಿದೀವಿ."

ತಿಂಗಳ ಕೊನೆಗೆ ಇಬ್ಬರೂ ಕುಳಿತು ತೀರ್ಮಾನ ಮಾಡೋಣ ಎಂದು ಹೇಳಿ ಅವನು ಸಂಜೆಯ ಬಸ್ಸಿಗೆ ಹೊರಟ. ಅವನು ಬೀದಿ ತಿರುಗುವುದನ್ನು ನೋಡುತ್ತ ನಿಂತಿದ್ದಾಗ ಕಣ್ಣಕ್ಕನಿಗೆ ಆ ಯೋಚನೆ ಬಂತು. ಎರಡು ವರ್ಷದಲ್ಲಿ ಅಮ್ಮನನ್ನು ನೋಡಿದವರೆಲ್ಲ ಅವಳ ಎದುರಿಗೆ ನಿಂತು, ಕೂಗಿ, ಚಿವುಟಿ, ದೀಪ ಬಿಟ್ಟು ನೋಡಿದವರೇ. ಯಾರೂ ಇಲ್ಲದಾಗ ಅಮ್ಮ ಏನು ಮಾಡುತ್ತಾಳೆ ಎಂಬುದನ್ನು ನೋಡಿದವರು ಯಾರು? ಯಾರೂ ಇಲ್ಲದಾಗ ನೋಡಬಲ್ಲ ಒಂದು ವಸ್ತು ತನ್ನ ಡ್ರಾಯರಿನಲ್ಲೇ ಇದೆಯಲ್ಲ.

ಸರ್ವೆಯರು ಮೊದಲು ಒಪ್ಪಲಿಲ್ಲ. ಪರರ ಮನೆಯ ಒಳಕೋಣೆ, ಅದೂ ಹೆಣ್ಣುಮಗಳ ಹಾಸಿಗೆ ಎಂದರು. ಅವಳು ಬಿಡಲಿಲ್ಲ. ನರ್ಸಮ್ಮ ಬರುವ ಹೊತ್ತಿಗೆ ತಾನೇ ಅದರ ಮೇಲೆ ಬಟ್ಟೆ ಮುಚ್ಚುತ್ತೇನೆ, ಮೂರೇ ಮೂರು ದಿನ ಎಂದು ಅಂಗಲಾಚಿದಳು. ಕೊನೆಗೆ ಅವರು ಮೂರು ದಿನಕ್ಕೆ ಒಪ್ಪಿದರು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಒಂದು ಮುದ್ದೆ ಮೇಣ ಇಟ್ಟು, ಅದರಲ್ಲಿ ಆ ಕಣ್ಣನ್ನು ಅಲುಗದಂತೆ ಕೂರಿಸಿ, ಅಮ್ಮನ ಕಡೆಗೆ ಮುಖ ಮಾಡಿದಳು. ಅಮ್ಮನ ಬಲಗೈಗೂ ಅದಕ್ಕೂ ಹೆಚ್ಚೆಂದರೆ ಒಂದೂವರೆ ಅಡಿ.

ಮೊದಲ ದಿನ ಫೋನಿನಲ್ಲಿ ಸರ್ವೆಯರು, ಏನೂ ಇಲ್ಲ, ಎದೆ ಏರುತ್ತದೆ ಇಳಿಯುತ್ತದೆ ಅಷ್ಟೆ ಎಂದರು. ಎರಡನೆಯ ದಿನ ಮಧ್ಯಾಹ್ನ ಅವರ ದನಿ ಬೇರೆಯಾಗಿತ್ತು.

"ನೀವು ಕೋಣೆಯಿಂದ ಹೋದ್ಮೇಲೆ ಒಂದು ಕಾಲು ಗಂಟೆಗೆ ಶುರು ಮಾಡ್ತಾರೆ. ಬಲಗೈ ಹೆಬ್ಬೆರಳು. ತೋರುಬೆರಳಿನ ತುದೀನ ಸವರ್ಕೊಂಡು ಹೋಗತ್ತೆ. ಐದು ಸಲ. ಆಮೇಲೆ ಕಿರುಬೆರಳು ಮಡಚ್ತಾರೆ. ಮತ್ತೆ ಐದು ಸಲ. ನೀವು ಬರೋ ಹೊತ್ತಿಗೆ ನಿಲ್ಲತ್ತೆ."

ಅಮ್ಮ ನಲವತ್ತು ವರ್ಷ ಪುಸ್ತಕ ಕಟ್ಟುವ ಅಂಗಡಿಯಲ್ಲಿ ದುಡಿದವಳು. ಹೊಲಿಗೆಗೆ ಮುಂಚೆ ಹಾಳೆಗಳನ್ನು ಐದೈದಾಗಿ ಹೆಬ್ಬೆರಳಲ್ಲಿ ಸರಿಸಿ ಎಣಿಸುವುದು, ಪ್ರತಿ ಐದಕ್ಕೆ ಕಿರುಬೆರಳು ಮಡಚಿ ಲೆಕ್ಕ ಇಟ್ಟುಕೊಳ್ಳುವುದು ಅವಳ ರೂಢಿ. ಅದನ್ನು ಸರ್ವೆಯರಿಗೆ ಯಾರೂ ಹೇಳಿರಲಿಲ್ಲ.

ಆವತ್ತಿನಿಂದ ಅವಳು ಪರದೆಯ ಹಿಂದೆ ಅಡಗಿ ನೋಡಿದಳು, ಬಾಗಿಲ ಸಂದಿಯಲ್ಲಿ ಕನ್ನಡಿ ಹಿಡಿದು ನೋಡಿದಳು, ಉಸಿರು ಬಿಗಿಹಿಡಿದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಂಟೆಗಟ್ಟಲೆ ಕಾದಳು. ಬೆರಳು ಅಲುಗಲಿಲ್ಲ. ಅವಳು ಎದ್ದು ಹೋಗಿ ಮೇಜಿನ ಮುಂದೆ ಕುಳಿತರೆ ಸಾಕು, ಸ್ವಲ್ಪ ಹೊತ್ತಿಗೆ ಫೋನು ಬಾರಿಸುತ್ತಿತ್ತು: "ಈಗ ಮಾಡ್ತಿದಾರೆ." ವೈದ್ಯರನ್ನು ಕೇಳಿದಳು, ಬೆರಳು ಮಾತ್ರ ಅಲುಗಿದರೆ ಹೇಗೆ ಎಂದು, ಕಣ್ಣಿನ ಸುದ್ದಿ ಎತ್ತದೆ. ಮೈಗೆ ಅಭ್ಯಾಸವಾದದ್ದು ಮೈ ಮಾಡುತ್ತದೆ, ಗಾಳಿಗೆ ಬಾಗಿಲು ಬಡಿದುಕೊಂಡರೆ ಒಳಗೆ ಯಾರೋ ಇದ್ದಾರೆ ಎನ್ನಲಾದೀತೇ ಎಂದರು ಅವರು. ಆ ಮಾತು ಅವಳಿಗೆ ಸರಿ ಎನ್ನಿಸಿತು. ಆದರೆ ಜನ ಇರುವಾಗ ಮಾತ್ರ ಬಡಿಯದೆ ಇರುವ ಬಾಗಿಲು ಎಂಥದು?

ಮೂರು ದಿನ ಐದಾಯಿತು, ಐದು ಎಂಟಾಯಿತು. ಎಂಟನೆಯ ದಿನ ಅವಳು ಕರೆಸಿದ್ದರಿಂದ ಅಣ್ಣ ಬಂದ. ಎಲ್ಲವನ್ನೂ ಕೇಳಿ, ತಂಗಿಗೆ ಒಬ್ಬಳೇ ಇದ್ದೂ ಇದ್ದೂ ತಲೆ ಕೆಟ್ಟಿದೆ ಎಂದುಕೊಂಡ. ಆ ಮಾತನ್ನು ನುಂಗಿಕೊಂಡು, ಸರಿ, ಪರೀಕ್ಷೆ ಮಾಡೇಬಿಡೋಣ ಎಂದ. ತಾನು ಅಮ್ಮನ ಕೋಣೆಗೆ ಹೋಗಿ ಕಿಟಕಿ ಬಾಗಿಲು ಹಾಕಿಕೊಂಡು ಕಣ್ಣಿನ ಮುಂದೆ ಏನಾದರೂ ಮಾಡುವುದು, ಊರಿನ ಆ ತುದಿಯ ಮನೆಯಲ್ಲಿರುವ ಸರ್ವೆಯರು ಅದನ್ನು ಫೋನಿನಲ್ಲಿ ಕಣ್ಣಕ್ಕನಿಗೆ ಹೇಳುವುದು.

ಅವಳು ಫೋನು ಹಿಡಿದು ಸರ್ವೆಯರು ಹೇಳಿದ್ದನ್ನು ಹಾಳೆಯಲ್ಲಿ ಬರೆದುಕೊಂಡಳು. ಕರವಸ್ತ್ರದ ಮೂಲೆಗೆ ಎರಡು ಗಂಟು ಹಾಕಿದರು. ಗಡಿಯಾರ ಬಿಚ್ಚಿ ಎಡಗಾಲಿನ ಶೂ ಒಳಗೆ ಇಟ್ಟರು. ಹಾಸಿಗೆಯ ಕಾಲಿನ ಕಡೆಗೆ ಹೋದರು. ಆಮೇಲೆ ಫೋನಿನಲ್ಲಿ ಮಾತು ನಿಂತಿತು.

"ಸಾರ್?"

"ಇನ್ನು ನಾನು ಹೇಳಲ್ಲಮ್ಮಾ. ಅದು ಅವರಿಗೂ ಅವರ ತಾಯಿಗೂ ಬಿಟ್ಟಿದ್ದು."

ಅಣ್ಣ ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು, ಹಣೆಯ ಮೇಲೆ ಹೊದಿಕೆಯ ನೇಯ್ಗೆಯ ಗುರುತು ಮೂಡಿತ್ತು. ಅವಳು ಬರೆದದ್ದನ್ನು ಓದಿದ. ಆಮೇಲೆ ಏನು ಹೇಳಿದರು ಎಂದು ಕೇಳಿದ. ಹೇಳಲಿಲ್ಲ ಎಂದಳು. ಅವನಿಗೆ ಅದೇ ಹೆಚ್ಚಾಯಿತು. ನಂಬದೆ ಇರಲು ಅವನಿಗೆ ಇನ್ನು ಜಾಗ ಉಳಿಯಲಿಲ್ಲ. ಫೋನು ಕಿತ್ತುಕೊಂಡು ಕೇಳಿದ:

"ನಮ್ಮಮ್ಮ ಒಳಗಿದಾಳಾ ಇಲ್ವಾ, ಅದೊಂದು ಹೇಳಿ ಸಾಕು."

ಫೋನಿಗೆ ಕಿವಿ ಹಚ್ಚಿದ್ದ ಕಣ್ಣಕ್ಕನಿಗೂ ಸರ್ವೆಯರ ಮಾತು ಕೇಳಿತು.

"ನನಗೆ ಬೆರಳು ಕಾಣತ್ತಪ್ಪಾ. ಬೆರಳಾಡಿಸೋರು ಕಾಣಲ್ಲ. ಈಗ ನೀವು ಗಡಿಯಾರ ಬಿಚ್ಚಿದ್ರಿ, ನಿಮ್ಮೊಳಗೆ ಯಾರಿದಾರೆ ಅಂತ ನನಗೆ ಕಾಣ್ತಾ? ನನ್ನ ಹೆಂಡತಿ ಒಳಗೆ ಯಾರಿದಾರೆ ಅಂತ ಮೂವತ್ತು ವರ್ಷದಿಂದ ಅಂದಾಜು ಮೇಲೆ ನಡ್ಕೊಂಡು ಬಂದಿದೀನಿ. ಅಳತೆಗೆ ಸಿಕ್ಕೋ ವಿಷ್ಯ ಅಲ್ಲ ಅದು."

ಅಣ್ಣ ಫೋನು ಇಟ್ಟ. ನಳಿಕೆಯ ಮಾತು ಎತ್ತಲಿಲ್ಲ. ಆ ವಾರ ರಜೆ ಹಾಕಿ ಮತ್ತೆ ಬರುತ್ತೇನೆ ಎಂದು ಹೇಳಿ ಹೊರಟ.

ಮರುದಿನ ಸರ್ವೆಯರು ತಾವೇ ಬಂದರು. ಕಣ್ಣಕ್ಕ ಅವರನ್ನು ನೋಡಿ ಹೆದರಿದಳು. ಬಲಗಣ್ಣಿನ ಸುತ್ತ ಕಪ್ಪು, ಗಡ್ಡ ಬೆಳೆದಿತ್ತು, ಗುಂಡಿ ತಪ್ಪಿಸಿ ಹಾಕಿದ ಅಂಗಿ. ಒಂಬತ್ತು ದಿನದಿಂದ ತಾವು ನಿದ್ದೆ ಮಾಡಿಲ್ಲ ಎಂದರು. ಅಮ್ಮನ ಕೋಣೆಯಲ್ಲಿ ಸದಾ ಉರಿಯುವ ಸಣ್ಣ ದೀಪವಿತ್ತು, ಅದರಿಂದ ಕತ್ತಲೆಯೇ ಆಗುತ್ತಿರಲಿಲ್ಲ. ತಮ್ಮ ಕಣ್ಣು ಮುಚ್ಚಿಕೊಂಡರೂ ಆ ಮುಖ ಅಲ್ಲೇ ಇರುತ್ತದೆ. ಊಟದ ತಟ್ಟೆಯ ಮೇಲೆ, ಹೆಂಡತಿಯ ಮುಖದ ಮೇಲೆ, ನಕ್ಷೆಯ ಗೆರೆಗಳ ಮೇಲೆ ಸಾಯುತ್ತಿರುವ ಒಂದು ಹೆಂಗಸಿನ ಮುಖ.

"ಇನ್ನೊಂದು ವಿಷ್ಯ ಇದೆ, ಹೇಳಬಾರ್ದು ಅಂತಿದ್ದೆ. ನಿನ್ನೆಯಿಂದ ಅವರೂ ನನ್ನ ನೋಡ್ತಿದಾರೆ."

"ಕಣ್ಣಿನ ಕಡೆಗೆ ತಿರುಗಿರ್ಬೇಕು ಸಾರ್."

"ತಿರುಗಿರೋದು ಬೇರೆ, ನೋಡೋದು ಬೇರೆ. ನೀವು ಕಣ್ಣು ಮಾಡೋರು, ನಿಮಗೆ ಗೊತ್ತಿರತ್ತೆ." ಅವರು ಕೈಮುಗಿದರು. "ಒಳಗೆ ಇಟ್ಬಿಡಿ. ನನ್ನ ಕೈಲಿ ಆಗಲ್ಲ."

ಇಲ್ಲಿ ಕಣ್ಣಕ್ಕ ತಪ್ಪು ಮಾಡಿದಳು. ಆಗಲಿ ಎಂದು ಬಾಯಲ್ಲಿ ಹೇಳಿದಳು. ಅವರು ಹೋದ ಮೇಲೆ ಸ್ಟೂಲಿನ ಮುಂದೆ ನಿಂತು, ಕೈಚಾಚಿ, ಹಿಂದೆಗೆದುಕೊಂಡಳು. ಎರಡು ವರ್ಷ ಬಾಯಿ ಒಣಗುವಷ್ಟು ಮಾತಾಡಿಸಿದ ಮಗಳ ಕಡೆಗೆ ತಿರುಗದ ಅಮ್ಮ, ಒಂದು ಪ್ಲಾಸ್ಟಿಕ್ಕಿನ ಚೂರಿನ ಕಡೆಗೆ ನೋಡುತ್ತಿದ್ದಾಳೆ. ಅದನ್ನೂ ತೆಗೆದರೆ ಅಮ್ಮನಿಗೆ ಯಾರಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಅಸೂಯೆಯೂ ಇತ್ತು, ಅದನ್ನು ಅವಳು ಬಹಳ ದಿನ ಕಳೆದ ಮೇಲೆ ಒಪ್ಪಿಕೊಂಡಳು. ಇವತ್ತೊಂದು ದಿನ ಇರಲಿ ಎಂದುಕೊಂಡಳು. ಮಾರನೆಯ ದಿನವೂ ಹಾಗೇ ಅಂದುಕೊಂಡಳು. ಫೋನು ಬಾರಿಸಿದರೆ ಎತ್ತಲಿಲ್ಲ.

ಹನ್ನೊಂದನೆಯ ದಿನ ಆಸ್ಪತ್ರೆಯೊಂದಕ್ಕೆ ಮಗುವಿನ ಕಣ್ಣೊಂದನ್ನು ತಲುಪಿಸಬೇಕಿತ್ತು. ನರ್ಸಮ್ಮ ಹನ್ನೊಂದಕ್ಕೆ ಹೋದಳು. ಕಣ್ಣಕ್ಕ ಅಮ್ಮನಿಗೆ ನಳಿಕೆಯಲ್ಲಿ ಗಂಜಿ ಬಿಟ್ಟು, ಕಣ್ಣಿನ ಮೇಲಿನ ಬಟ್ಟೆ ತೆಗೆದು, ಬೀದಿಬಾಗಿಲಿಗೆ ಬೀಗ ಹಾಕಿಕೊಂಡು ಹೊರಟಳು. ಕೆಲಸ ಮುಗಿಸಿ ಬಂದಾಗ ಎರಡು ಗಂಟೆ. ಬೀಗ ಹಾಕಿದ ಹಾಗೇ ಇತ್ತು. ಬಿಸಿಲು ಮೇಜಿನ ಮೇಲೆ ಬಿದ್ದಿತ್ತು, ಮನೆ ನಿಶ್ಶಬ್ದವಾಗಿತ್ತು. ಅಡುಗೆಮನೆ ದಾಟುವಾಗಲೇ ಅವಳಿಗೆ ಗೊತ್ತಾಯಿತು, ಉಸಿರಿನ ಸದ್ದಿಲ್ಲ.

ಅಮ್ಮ ತೀರಿಕೊಂಡಿದ್ದಳು. ಮುಖ ಸ್ಟೂಲಿನ ಕಡೆಗೆ ವಾಲಿತ್ತು. ಸ್ಟೂಲಿನ ಮೇಲೆ ಮೇಣದ ಮುದ್ದೆ ಮಾತ್ರ ಇತ್ತು, ಅದರಲ್ಲಿ ಕಣ್ಣು ಕೂತಿದ್ದ ಗುಳಿ, ಅಂಚಿನಲ್ಲಿ ಉಗುರು ಊರಿದ ಮೂರು ಗೆರೆ. ಎರಡು ವರ್ಷ ಮೊಣಕೈ ನೆಟ್ಟಗಾಗದಿದ್ದ ಅಮ್ಮನ ಬಲಗೈ ಹಾಸಿಗೆಯ ಅಂಚಿನಲ್ಲಿ ಚಾಚಿಕೊಂಡಿತ್ತು, ಅಂಗೈ ಕೆಳಗೆ. ಕಣ್ಣಕ್ಕ ಆ ಅಂಗೈಯನ್ನು ಮೆಲ್ಲಗೆ ಎತ್ತಿ ನೋಡಿದಳು. ಬೆಚ್ಚಿದ ಕಣ್ಣು ಹಾಸಿಗೆಯ ಮೇಲೆ ಮೇಲ್ಮುಖವಾಗಿ ಬಿದ್ದಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಅಂಗೈಯನ್ನು ಇದ್ದ ಹಾಗೇ ಇಟ್ಟಳು.

ಫೋನು ಬಾರಿಸಿತು. ಓಡಿಹೋಗಿ ಎತ್ತಿದಳು.

"ಬಂದ್ರಾ," ಎಂದರು ಸರ್ವೆಯರು. ಅವರು ಅಳುತ್ತಿದ್ದರು. "ಇಪ್ಪತ್ತು ಸಲ ಮಾಡಿದೆ. ಯಾರೂ ಎತ್ತಲಿಲ್ಲ."

ಅವರು ಹೇಳಿದ್ದನ್ನು ಕಣ್ಣಕ್ಕ ನಿಂತಲ್ಲೇ ನಿಂತು ಕೇಳಿದಳು. ಹನ್ನೆರಡೂಕಾಲಿಗೆ ಅಮ್ಮ ಬೆರಳೆಣಿಕೆ ನಿಲ್ಲಿಸಿದಳು. ಕಣ್ಣಿನ ಕಡೆಗೆ ನೋಡಿದಳು, ಬಹಳ ಹೊತ್ತು. ವಸ್ತುವನ್ನು ನೋಡುವಂತೆ ಅಲ್ಲ, ಎದುರಿಗೆ ಕೂತವರನ್ನು ನೋಡುವಂತೆ. ಆಮೇಲೆ ಕೈ ಹೊರಟಿತು.

"ಒಂದೂವರೆ ಅಡಿ ದೂರ ಕಣ್ಣಕ್ಕ. ಅದನ್ನ ದಾಟೋಕೆ ಇಪ್ಪತ್ತೈದು ನಿಮಿಷ ತಗೊಂಡ್ರು. ನಾನು ಫೋನ್ ಮಾಡ್ತಾನೇ ಇದ್ದೆ. ನಿಮ್ಮನೇಲಿ ಗಂಟೆ ಹೊಡ್ಕೊಳ್ಳೋವಾಗೆಲ್ಲ ಕೈ ನಿಲ್ತಿತ್ತು. ನಾನು ಇಟ್ಮೇಲೆ ಮತ್ತೆ ಹೊರಡ್ತಿತ್ತು. ಅದು ಗೊತ್ತಾದ್ಮೇಲೆ ನಾನು ಮಾಡೋದು ನಿಲ್ಲಿಸ್ದೆ. ಅವರಿಗೆ ಅಡ್ಡಿ ಆಗ್ತಿತ್ತು."

ಕೈ ಮೇಣವನ್ನು ಮುಟ್ಟಿತು. ಬೆರಳುಗಳು ಕಣ್ಣಿನ ಅಂಚನ್ನು ಹುಡುಕಿದವು, ಕಿತ್ತವು, ಹಾಸಿಗೆಗೆ ತಂದವು. ಆಗ ಸರ್ವೆಯರಿಗೆ ಸೂರು ಕಂಡಿತು, ಅಮ್ಮನ ಗದ್ದ ಕಂಡಿತು, ಮತ್ತೆ ಅಂಗೈ ಮೇಲೆ ಬಂತು.

"ನಾನು ನಿದ್ದೆಗೆಟ್ಟಿದ್ದು ಅವರಿಗೆ ಹೇಗೆ ಗೊತ್ತಾಯ್ತೋ. ಮಕ್ಕಳಿಗೆ ಕಣ್ಣು ಮುಚ್ತಾರಲ್ಲ, ಹಾಗೆ ಮುಚ್ಚಿದ್ರು. ಮೊದಲು ಕೆಂಪಗಿತ್ತು, ಬಿಸಿಲಲ್ಲಿ ರೆಪ್ಪೆ ಮುಚ್ಕೊಂಡ್ರೆ ಕಾಣತ್ತಲ್ಲ, ಹಂಗೆ. ಆಮೇಲೆ ಬರ್ತಾ ಬರ್ತಾ ಆ ಕೆಂಪೂ ಹೋಯ್ತು."

ಸಂಜೆಗೆ ಅಣ್ಣ ಬಂದ. ಕಣ್ಣಕ್ಕ ಒಂದೂ ಬಿಡದೆ ಹೇಳಿದಳು, ತಾನು ಕೊಟ್ಟ ಮಾತಿಗೆ ತಪ್ಪಿದ್ದನ್ನೂ ಸೇರಿಸಿ. ಅವನು, ಕಣ್ಣನ್ನು ಕೈಗೆ ಇಟ್ಟದ್ದು ನರ್ಸಮ್ಮನೇನೋ, ಕೇಳೋಣವೇ ಎಂದ. ಆಮೇಲೆ ತಾನೇ ಬೇಡ ಎಂದ. ಸರ್ವೆಯರೂ ಬಂದು ಕೋಣೆಯ ಹೊಸ್ತಿಲಲ್ಲಿ ನಿಂತಿದ್ದರು. ಹನ್ನೊಂದು ದಿನ ನೋಡಿದ ಮುಖವನ್ನು ಬಲಗಣ್ಣಿನಿಂದ ಅವರು ನೋಡಿದ್ದು ಆಗಲೇ ಮೊದಲು. ಅಣ್ಣ ಅವರ ಹತ್ತಿರ ಹೋದ.

"ಕೊನೆಗೆ... ನನ್ನೇನಾದ್ರೂ ಹುಡುಕಿದ್ಲಾ? ಬಾಗಿಲ ಕಡೆ ನೋಡಿದ್ಲಾ?"

ಸುಳ್ಳು ಹೇಳಿದ್ದರೆ ಅವನಿಗೆ ಜೀವಮಾನವೆಲ್ಲ ಆಸರೆಯಾಗುತ್ತಿತ್ತು. ಸರ್ವೆಯರು ಅದನ್ನು ಬಲ್ಲವರೇ. ಆದರೆ ಮೂವತ್ತು ವರ್ಷ ಗಡಿಗೆರೆಯನ್ನು ಯಾರಿಗಾಗಿಯೂ ಅತ್ತಿತ್ತ ಸರಿಸದ ಮನುಷ್ಯ ಅವರು.

"ಬಾಗಿಲ ಕಡೆ ನೋಡ್ಲಿಲ್ಲಪ್ಪಾ. ನನ್ನ ನೋಡಿದ್ರು. ನನ್ನಲ್ಲಿ ಯಾರು ಕಂಡ್ರೋ ನನಗೆ ಗೊತ್ತಿಲ್ಲ."

ಅಣ್ಣ ಆ ಉತ್ತರವನ್ನು ಹೇಗೆ ತೆಗೆದುಕೊಂಡನೋ. ಅವನು ಅಮ್ಮನ ಬಲಗೈಯ ಬೆರಳುಗಳನ್ನು ಆ ಕಣ್ಣಿನ ಸುತ್ತ ಒಂದೊಂದಾಗಿ ಮಡಚಿದ. ಅದು ಅಮ್ಮನ ಜೊತೆಗೇ ಹೋಗಲಿ ಎಂದ. ಕಣ್ಣಕ್ಕ ಸರ್ವೆಯರನ್ನು ನೋಡಿದಳು. ಅದು ಹೋಗುವ ಕಡೆಗೆ ಅವರ ನೋಟವೂ ಹೋಗುತ್ತದೆಯಲ್ಲ ಎಂಬುದು ಮೂವರಿಗೂ ಒಟ್ಟಿಗೇ ಹೊಳೆದಿತ್ತು. ಅಣ್ಣ ಬೆರಳನ್ನು ಅರ್ಧ ಬಿಡಿಸಿ ತಡೆದ.

"ಇರಲಿ," ಎಂದರು ಸರ್ವೆಯರು. "ಅವರು ಮುಚ್ಚಿದ್ದು. ತೆಗೆಯೋಕೆ ನಾವ್ಯಾರು."

ಮಾರನೆಯ ಬೆಳಿಗ್ಗೆ ಅಮ್ಮನನ್ನು ಕಳಿಸಿಕೊಟ್ಟರು. ಸರ್ವೆಯರು ಎಲ್ಲ ಮುಗಿಯುವವರೆಗೂ ಸ್ಮಶಾನದ ಗೇಟಿನ ಹೊರಗೆ ಒಂದು ಕಲ್ಲಿನ ಮೇಲೆ ಕುಳಿತಿದ್ದರು, ಬಲಗಣ್ಣು ತೆರೆದುಕೊಂಡು, ಬೆವರುತ್ತ. ಯಾರೂ ಅವರನ್ನು ಏನೂ ಕೇಳಲಿಲ್ಲ.

ಆರು ತಿಂಗಳಿಗೆ ಅವರು ಕಣ್ಣಿಗೆ ಹೊಳಪು ಕೊಡಿಸಲು ಬಂದರು. ಮೈ ತುಂಬಿಕೊಂಡಿತ್ತು, ಗುಂಡಿಗಳು ಸರಿಯಾಗಿದ್ದವು. ಕಣ್ಣಕ್ಕ ಕ್ಷಮೆ ಕೇಳಬೇಕೆಂದು ಎಷ್ಟೋ ದಿನದಿಂದ ಜೋಡಿಸಿಟ್ಟುಕೊಂಡ ಮಾತು ಬಾಯಿಗೆ ಬರಲಿಲ್ಲ. ಅವರೇ ಅವಳ ಸಂಕಟ ನೋಡಿ, ಆಗಿದ್ದು ಆಯಿತು, ಆ ಬಾಗಿಲು ಇನ್ನೂ ಸರಿಮಾಡಿಸಿಲ್ಲವಲ್ಲ ಎಂದರು. ಚಕ್ರ ತಿರುಗಿಸುವ ಮುಂಚೆ ಅವಳು ಧೈರ್ಯ ಮಾಡಿ, ಈಗ ಏನು ಕಾಣುತ್ತದೆ ಎಂದು ಕೇಳಿದಳು.

ಒಂದೂವರೆ ತಿಂಗಳು ಕತ್ತಲೆಯಿತ್ತಂತೆ. ಹೆದರಿಸುವ ಕತ್ತಲೆಯಲ್ಲ, ಯಾರದೋ ಪಕ್ಕದಲ್ಲಿ ಮಲಗಿದ ಹಾಗೆ. ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ, ಅದು ಇಲ್ಲ ಎಂದು ಗೊತ್ತಾಯಿತಂತೆ. ಯಾವಾಗ ಹೋಯಿತೆಂದು ತಿಳಿಯದು. ಕತ್ತಲೆ ಹೋದ ಜಾಗದಲ್ಲಿ ಬೆಳಕು ಬಂದಿರಲಿಲ್ಲ, ಏನೂ ಬಂದಿರಲಿಲ್ಲ. ನಿಮ್ಮ ಬೆನ್ನ ಹಿಂದೆ ಏನು ಕಾಣುತ್ತದೆ ಹೇಳಿ ನೋಡೋಣ, ಹಾಗೆ ಎಂದರು. ಆವತ್ತು ಅವರು ತಮ್ಮ ಹೆಂಡತಿಗೂ ಹೇಳದೆ ಬಚ್ಚಲಲ್ಲಿ ನಿಂತು ಅತ್ತರಂತೆ. ಯಾರಿಗಾಗಿ ಅತ್ತದ್ದು ಎಂದು ಅವಳು ಕೇಳಲಿಲ್ಲ.

ಹೊಳಪು ಕೊಟ್ಟ ಕಣ್ಣನ್ನು ಹಾಕಿಕೊಂಡು, ಕನ್ನಡಿಯಲ್ಲಿ ಎರಡನ್ನೂ ಹೋಲಿಸಿ ನೋಡಿ, ಸರ್ವೆಯರು ಟೋಪಿಯಿಟ್ಟುಕೊಂಡು ಹೊರಟರು.

ಕಣ್ಣಕ್ಕ ಈಗಲೂ ಅದೇ ಮೇಜಿನಲ್ಲಿ ಕೆಲಸ ಮಾಡುತ್ತಾಳೆ. ಒಂದು ಅಚ್ಚಿಗೆ ಒಂದೇ ಕಣ್ಣು. ಕೆಟ್ಟರೆ ಅದನ್ನೇ ತಿದ್ದುತ್ತಾಳೆ, ಎಷ್ಟು ದಿನವಾದರೂ ಸರಿ. ಸಂಜೆ ಕೆಲಸ ಮುಗಿದ ಮೇಲೆ ಒಣಗಲು ಸಾಲಾಗಿ ಇಟ್ಟ ಕಣ್ಣುಗಳ ಮೇಲೆ ಒಂದು ಮೆತ್ತನೆಯ ಬಟ್ಟೆ ಹೊದಿಸಿಯೇ ದೀಪ ಆರಿಸುವುದು. ಯಾಕೆ ಎಂದು ಯಾರಾದರೂ ಕೇಳಿದರೆ ಧೂಳಿಗೆ ಎನ್ನುತ್ತಾಳೆ.